ಮೂರನೇ ದಿನಕ್ಕೆ ಎಸೆಯದ ತಟ್ಟೆ

ಬೆಳಗಿನ ಐದೂಕಾಲು ಗಂಟೆ. ಕ್ಯಾನ್ಸರ್ ಸಂಶೋಧನಾಲಯದ ಹಿಂಬಾಗಿಲಲ್ಲಿ ಐವತ್ತೆಂಟು ವರ್ಷದ ಒಬ್ಬ ವಿಜ್ಞಾನಿ ಬೀದಿಯ ಚಪ್ಪಲಿ ಬಿಟ್ಟು ಒಳಗಿನ ಚಪ್ಪಲಿ ಮೆಟ್ಟುತ್ತಿದ್ದಾರೆ. ಕೂದಲನ್ನು ಟೋಪಿಯೊಳಗೆ ತುರುಕಿ, ಕೈಗವಸು ತೊಟ್ಟು, ಅದರ ಮೇಲೆ ಸ್ಪಿರಿಟ್ ಎರಚಿಕೊಂಡು, ಪುಟ್ಟ ಕೋಣೆಯ ಬಾಗಿಲನ್ನು ಮೊಣಕೈಯಿಂದ ತಳ್ಳುತ್ತಾರೆ. ಒಳಗೆ ಬೀರುವಿನಂಥ ಒಂದು ಪೆಟ್ಟಿಗೆ ಸಣ್ಣಗೆ ಗುಂಯ್‌ಗುಡುತ್ತಿದೆ. ಅದರೊಳಗಿನ ಶಾಖ ಸರಿಯಾಗಿ ಮನುಷ್ಯರ ಮೈಯಷ್ಟೇ. ಅಲ್ಲಿಂದ ಚಪ್ಪಟೆ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಬಾಟಲಿಯ ಗುಲಾಬಿ ದ್ರವ ಹಳದಿಗೆ ತಿರುಗಿದ್ದರೆ ಒಳಗಿರುವವರ ಊಟ ಮುಗಿದಿದೆ ಎಂದರ್ಥ.

"ಇವರದ್ದು ಯಾವಾಗಲೋ ಖಾಲಿಯಾಗಿದೆ ನೋಡಿ, ಪಾಪ," ಎನ್ನುತ್ತಾರೆ.

ಪಾಪ ಎಂದದ್ದು ಕ್ಯಾನ್ಸರ್ ಕೋಶಗಳಿಗೆ. ಬದುಕಿಡೀ ಯಾವುದನ್ನು ಕೊಲ್ಲುವ ದಾರಿ ಹುಡುಕುತ್ತಿದ್ದಾರೋ ಅದಕ್ಕೇ ಭಾನುವಾರವೂ ತಪ್ಪದೆ ಊಟ ಬಡಿಸುತ್ತಾರೆ. "ಹಸಿದಿರೋ ಕೋಶದ ಮೇಲೆ ಔಷಧಿ ಹಾಕಿದ್ರೆ, ಸತ್ತದ್ದು ಔಷಧಿಯಿಂದಲೋ ಹಸಿವಿನಿಂದಲೋ ಹೇಗೆ ಗೊತ್ತಾಗುತ್ತೆ? ಮೊದಲು ಹೊಟ್ಟೆ ತುಂಬಿಸ್ಬೇಕು. ಆಮೇಲೆ ಜಗಳ."

ಇಷ್ಟು ಬೇಗ ಯಾಕೆ ಬರುತ್ತಾರೆ? ಕೆಲಸದ ಮೇಲಿನ ಪ್ರೀತಿಯಿಂದ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಎಂಟು ಗಂಟೆಯ ಮೇಲೆ ಈ ಕೋಣೆಗೆ ಅವರನ್ನು ಬಿಡುವುದಿಲ್ಲ. ಎಂಟರ ನಂತರ ಕೋಣೆ 'ಬುಕ್' ಆಗಿರುತ್ತದಂತೆ. ಯಾರಿಗೆ ಎಂದು ಕಚೇರಿಯಲ್ಲಿ ಕೇಳಿದೆ, ಯಾರಿಗೂ ಗೊತ್ತಿಲ್ಲ. ನಾನು ಹತ್ತೂವರೆಯವರೆಗೆ ಬಾಗಿಲ ಬಳಿ ನಿಂತು ನೋಡಿದ್ದೇನೆ. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ, ದೀಪ ಮಾತ್ರ ಉರಿಯುತ್ತಿತ್ತು. ಈ ಕೋಣೆಯನ್ನು ಕಟ್ಟಿಸುವಾಗ ಗಾಳಿಯ ಕೊಳವೆ ಎಲ್ಲಿ ಬರಬೇಕು, ಸಿಂಕ್ ಎಲ್ಲಿರಬಾರದು ಎಂದು ನಿಂತು ಹೇಳಿಸಿದವರು ಇವರೇ. ಈಗ ಇವರು ಹಿಂಬಾಗಿಲಿಂದ ಬಂದು, ಕೆಲಸ ಮುಗಿಸಿ, ಬೇರೆಯವರು ಬರುವಷ್ಟರಲ್ಲಿ ಮೇಜು ಒರೆಸಿ ಹೋಗಬೇಕು.

ಇಂಥವರ ಬಗ್ಗೆ ಬರೆಯುವಾಗ ಎಲೆಮರೆಯ ಕಾಯಿ ಎನ್ನುವುದು ನಮ್ಮ ಪುರವಣಿಗಳ ಹಳೆಯ ಅಭ್ಯಾಸ. ನನಗೆ ಆ ಮಾತು ಕೇಳಿದರೆ ಈಗ ಮೈ ಉರಿಯುತ್ತದೆ. ಇಲ್ಲಿ ಎಲೆ ತಾನಾಗಿ ಅಡ್ಡ ಬಂದದ್ದಲ್ಲ, ಕೈಯಲ್ಲಿ ಹಿಡಿದು ಅಡ್ಡ ನಿಂತವರಿದ್ದಾರೆ. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದುವವರು ಕ್ಷಮಿಸಬೇಕಾಗಿಲ್ಲ.

ವಿಷಯ ಇಷ್ಟು. ಈ ಸಂಸ್ಥೆ ಕಂಡುಹಿಡಿದ ಹೊಸ ಮಾತ್ರೆಯೊಂದನ್ನು ನಾಳೆಯಿಂದ ಪಕ್ಕದ ಆಸ್ಪತ್ರೆಯ ನಲವತ್ತು ಕ್ಯಾನ್ಸರ್ ರೋಗಿಗಳಿಗೆ ಕೊಡುವುದೆಂದು ಗೊತ್ತಾಗಿದೆ. ಅವರಿಗೆ ಹಳೆಯ ಔಷಧಿಯ ಬದಲು ಇದನ್ನೇ ಕೊಡುತ್ತಾರೆ. ಕೊಡಬಾರದು, ಕೊಟ್ಟರೆ ರೋಗ ಮಲಗಿದಂತೆ ಮಾಡಿ ಎದ್ದು ಬರುತ್ತದೆ, ಎದ್ದ ಮೇಲೆ ಹಳೆಯ ಔಷಧಿಗೂ ಬಗ್ಗುವುದಿಲ್ಲ ಎಂದು ಹೇಳುತ್ತಿರುವುದು ಇಡೀ ಕಟ್ಟಡದಲ್ಲಿ ಇವರೊಬ್ಬರೇ. ಇವತ್ತು ಹನ್ನೊಂದು ಗಂಟೆಗೆ ಆಸ್ಪತ್ರೆಯ ಸಮಿತಿ ಕೂತು ಕೊನೆಯ ಮಾತು ಹೇಳುತ್ತದೆ. ಇವರಿಗೆ ಹತ್ತು ನಿಮಿಷ ಕೊಟ್ಟಿದ್ದಾರೆ.

ಸಂಸ್ಥೆಯಲ್ಲಿ ಇವರನ್ನು ಬೆನ್ನ ಹಿಂದೆ 'ಕಸದಮ್ಮ' ಎನ್ನುತ್ತಾರೆ. ಹೆಸರು ಬಂದದ್ದು ಇವರ ಕೆಲಸದಿಂದಲೇ. ನಮ್ಮ ಮೈಯ ಪ್ರತಿ ಜೀವಕೋಶದೊಳಗೂ ಸವೆದ, ಮುರಿದ, ಹಳಸಿದ ಸಾಮಾನು ದಿನವೂ ಸೇರುತ್ತದೆ. ಕೋಶ ಅದನ್ನು ಚೀಲ ಕಟ್ಟಿ, ಒಳಗೇ ಇರುವ ಅರೆಯುವ ಕೋಣೆಗೆ ಸಾಗಿಸಿ, ಪುಡಿ ಮಾಡಿ, ಮತ್ತೆ ಬಳಸಿಕೊಳ್ಳುತ್ತದೆ. ಹೊರಗಿಂದ ಊಟ ಬಾರದ ದಿನ, ಮನೆಯ ಹಳೇ ಕುರ್ಚಿ ಮುರಿದು ಒಲೆಗೆ ಹಾಕುವವರ ಹಾಗೆ, ತನ್ನನ್ನೇ ಅಷ್ಟಷ್ಟು ತಿಂದು ದಿನ ದೂಡುತ್ತದೆ. ಪುಸ್ತಕದಲ್ಲಿ ಇದಕ್ಕೆ ಸ್ವಭಕ್ಷಣೆ ಎಂದು ಹೆಸರು, ಪ್ರಯೋಗಾಲಯದಲ್ಲಿ ಆಟೊಫಜಿ. ಕ್ಯಾನ್ಸರ್ ಕೋಶಕ್ಕೆ ಈ ವಿದ್ಯೆ ಬಹಳ ಚೆನ್ನಾಗಿ ಗೊತ್ತು. ಅದು ಈ ವಿದ್ಯೆಯಿಂದ ಸಾಯುತ್ತದೋ ಬದುಕುತ್ತದೋ ಎಂಬ ಒಂದೇ ಪ್ರಶ್ನೆಗೆ ಕಸದಮ್ಮ ಮೂವತ್ತು ವರ್ಷ ಕೊಟ್ಟಿದ್ದಾರೆ.

"ನಮ್ಮಪ್ಪ ನಗರಸಭೆಯ ಕಸದ ಲಾರಿ ಓಡಿಸ್ತಿದ್ರು," ಎನ್ನುತ್ತಾರೆ, ಪಿಪೆಟ್ಟಿನಿಂದ ಕಣ್ಣು ತೆಗೆಯದೆ. "ಬೀದಿ ಮೂಲೇಲಿ ರಾಶಿ ಬಿದ್ದಿದ್ರೆ ಎಲ್ಲರೂ ಆ ಬೀದಿಯೋರನ್ನ ಬೈಯೋರು, ಇವರು ಕೊಳಕರು, ಜಾಸ್ತಿ ಎಸೀತಾರೆ ಅಂತ. ಅಪ್ಪ ನಗೋರು. ನಾಲ್ಕು ದಿನದಿಂದ ನನ್ನ ಲಾರಿ ಕೆಟ್ಟು ಕೂತಿದೆ ಅಂತ ಯಾರಿಗೂ ಹೊಳೆಯಲ್ಲ ನೋಡು ಅನ್ನೋರು."

ಆ ಮಾತೇ ಇವರ ಮೊದಲ ಸಂಶೋಧನೆಯಾಯಿತು. ಸ್ವಭಕ್ಷಣೆಯ ಚೀಲಗಳಿಗೆ ಹೊಳೆಯುವ ಬಣ್ಣ ಹಚ್ಚಿದರೆ ಸೂಕ್ಷ್ಮದರ್ಶಕದಲ್ಲಿ ಹಸಿರು ಚುಕ್ಕಿಗಳಾಗಿ ಕಾಣುತ್ತವೆ. ಯಾವುದೋ ರಾಸಾಯನಿಕ ಹಾಕಿದಾಗ ಚುಕ್ಕಿ ಹೆಚ್ಚಿದವು, ಸ್ವಭಕ್ಷಣೆ ಹೆಚ್ಚಿತು ಎಂದು ಅಂದಿನ ಗುರುಗಳು ಬರೆದಿಟ್ಟಿದ್ದರು. ಆಗಿನ್ನೂ ಹೊಸಬರಾಗಿದ್ದ ಇವರು, ಚೀಲ ಜಾಸ್ತಿ ಕಟ್ಟಿದ್ದೋ, ಕಟ್ಟಿದ ಚೀಲ ಸಾಗದೆ ಉಳಿದದ್ದೋ ಎಂದು ಕೇಳಿದರು. ಪರೀಕ್ಷಿಸಿದರೆ ಲಾರಿಯೇ ಕೆಟ್ಟು ನಿಂತಿತ್ತು. ಗುರುಗಳು ಒಳ್ಳೆಯವರು, ಬರೆದದ್ದನ್ನು ಹರಿದುಹಾಕಿ ಹೊಸದಾಗಿ ಬರೆದರು. ಹೊಸ ಲೇಖನದಲ್ಲಿ ಇವರ ಹೆಸರು ನಾಲ್ಕನೆಯದಾಗಿ ಬಂತು. ಒಳ್ಳೆಯವರ ಒಳ್ಳೆಯತನಕ್ಕೂ ಒಂದು ಅಳತೆ ಇರುತ್ತದೆ.

ಹನ್ನೊಂದು ವರ್ಷದ ಹಿಂದೆ ಸಂಸ್ಥೆಗೆ ಹೊಸ ನಿರ್ದೇಶಕರು ಬಂದರು. ಎಲ್ಲರೂ ಅವರನ್ನು 'ದೊಡ್ಡೋರು' ಎನ್ನುತ್ತಾರೆ, ಎದುರಿಗೂ ಹಿಂದೆಯೂ. ವೇದಿಕೆಯ ಮೇಲೆ ಅವರ ಮಾತು ಕೇಳಲು ಚೆಂದ. ಅವರ ಕೈಕೆಳಗೆ ಹೊಸ ಮಾತ್ರೆ ತಯಾರಾಯಿತು. ಕೋಶ ಬೆಳೆಸುವ ಪುಟ್ಟ ತಟ್ಟೆಗಳಲ್ಲಿ ಅದನ್ನು ಹಾಕಿದಾಗ ಕ್ಯಾನ್ಸರ್ ಕೋಶಗಳು ರಾಶಿರಾಶಿಯಾಗಿ ಸತ್ತವು, ಸತ್ತ ಕೋಶಗಳ ತುಂಬ ಹಸಿರು ಚುಕ್ಕಿ. ಕೋಶ ತನ್ನನ್ನು ತಾನೇ ತಿಂದು ಸತ್ತಿತು, ನಾವು ಕ್ಯಾನ್ಸರಿಗೆ ಆತ್ಮಹತ್ಯೆ ಕಲಿಸಿದ್ದೇವೆ ಎಂದು ದೊಡ್ಡೋರು ಸಾರಿದರು. ಪತ್ರಿಕೆಗಳಿಗೆ ಇಂಥ ವಾಕ್ಯ ಸಿಕ್ಕರೆ ಕೇಳಬೇಕೆ? ಎಲ್ಲರೂ ತಲೆ ಮೇಲೆ ಹೊತ್ತು ಕುಣಿದರು.

ಸಭೆಯಲ್ಲಿ ಕಸದಮ್ಮ ಎದ್ದು ನಿಂತು ಒಂದೇ ಮಾತು ಕೇಳಿದರು. "ಸಾವಿನ ಮನೆ ಮುಂದೆ ಜನ ಸೇರಿರ್ತಾರೆ, ಸಾರ್. ಜನ ಸೇರಿದ್ರಿಂದ್ಲೇ ಸಾವಾಯ್ತು ಅಂತ ಬರೀತೀರಾ?"

ದೊಡ್ಡೋರು ನಕ್ಕರು. "ಮೇಡಂ ಇಷ್ಟು ದಿನ ಕಸದ ಕಥೆ ಹೇಳ್ತಿದ್ರು, ಈಗ ಹೆಣದ ಕಥೆ ಶುರು ಮಾಡಿದಾರೆ. ಅಪ್ಪನ ಕಸುಬು ಮಗಳನ್ನ ಬಿಡಲ್ಲ ನೋಡಿ."

ಸಭೆಯೆಲ್ಲ ನಕ್ಕಿತು. ಅಲ್ಲಿ ಕೂತಿದ್ದವರೆಲ್ಲ ದೊಡ್ಡ ದೊಡ್ಡ ಪದವಿಯವರು, ಮನುಷ್ಯರ ಜೀವ ಉಳಿಸುತ್ತೇವೆಂದು ಸಂಬಳ ಎಣಿಸುವವರು. ಒಬ್ಬರೂ ತಲೆ ತಗ್ಗಿಸಲಿಲ್ಲ. 'ಕಸದಮ್ಮ' ಎಂಬ ಹೆಸರು ಅಂಟಿದ್ದು ಅವತ್ತು. ನಿಮಗೆ ಬೇಸರವಾಗಲಿಲ್ಲವೇ ಎಂದು ಕೇಳಿದೆ. "ಅಪ್ಪನ್ನ ಅಂದಾಗ ನೋವಾಯ್ತು. ಆದರೆ ಉತ್ತರ ಕೊಡ್ಲಿಲ್ಲವಲ್ಲ ಅವರು, ಅದು ಜಾಸ್ತಿ ಸಿಟ್ಟು. ನಗಿಸಿದ್ರೆ ಉತ್ತರ ಕೊಟ್ಟ ಹಾಗಾಯ್ತಾ?"

ಉತ್ತರ ತಾವೇ ಹುಡುಕಿದರು. ಚೀಲ ಕಟ್ಟುವ ಶಕ್ತಿಯನ್ನೇ ಕಿತ್ತುಹಾಕಿದ ಕ್ಯಾನ್ಸರ್ ಕೋಶಗಳನ್ನು ಬೆಳೆಸಿ ಅವಕ್ಕೆ ಮಾತ್ರೆ ಕೊಟ್ಟರು. ದೊಡ್ಡೋರ ಮಾತು ನಿಜವಾಗಿದ್ದರೆ, ತಿಂದುಕೊಳ್ಳಲಾರದ ಕೋಶಗಳು ಸಾಯದೆ ಉಳಿಯಬೇಕು. ಅವು ಇನ್ನೂ ಬೇಗ ಸತ್ತವು. ಅಂದರೆ ಸ್ವಭಕ್ಷಣೆ ಕ್ಯಾನ್ಸರನ್ನು ಕೊಲ್ಲುತ್ತಿರಲಿಲ್ಲ, ಕಾಯುತ್ತಿತ್ತು. ಮಾತ್ರೆ ಒಂದು ಕೈಯಲ್ಲಿ ಹೊಡೆಯುತ್ತ ಇನ್ನೊಂದು ಕೈಯಲ್ಲಿ ಊಟ ಕೊಡುತ್ತಿತ್ತು.

ಆದರೂ ಸತ್ತವಲ್ಲ, ಬಹುಪಾಲು ಸತ್ತವಲ್ಲ ಎಂದರು ಎಲ್ಲರೂ. ಇಲ್ಲಿ ಈ ಕಸುಬಿನವರ ಒಂದು ಪದ್ಧತಿಯನ್ನು ಹೇಳಬೇಕು. ಔಷಧಿ ಹಾಕಿದ ತಟ್ಟೆಯನ್ನು ಮೂರನೆಯ ದಿನ ತೆಗೆದು, ಸತ್ತವನ್ನೂ ಉಳಿದವನ್ನೂ ಎಣಿಸಿ, ತಟ್ಟೆಗೆ ಬ್ಲೀಚ್ ಸುರಿದು ಎಸೆದುಬಿಡುತ್ತಾರೆ. ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಹೀಗೇ. ಯಾಕೆ ಮೂರನೆಯ ದಿನ ಎಂದರೆ ಯಾರ ಬಳಿಯೂ ಕಾರಣವಿಲ್ಲ, ಕಲಿಸಿದವರು ಹಾಗೆ ಕಲಿಸಿದ್ದಾರೆ. ನೂರಕ್ಕೆ ತೊಂಬತ್ತೈದು ಸತ್ತರೆ ಚಪ್ಪಾಳೆ. ಉಳಿದ ಐದರ ಗತಿ ಏನಾಯಿತು ಎಂದು ಬ್ಲೀಚಿಗೆ ಮಾತ್ರ ಗೊತ್ತು.

ಕಸದಮ್ಮನಿಗೆ ಅಪ್ಪನಿಂದ ಬಂದ ಒಂದು ರೂಢಿಯಿದೆ. ಲಾರಿಗೆ ಡಬ್ಬ ಸುರಿಯುವ ಮೊದಲು ಅಪ್ಪ ಪ್ರತಿ ಸಲ ಬಗ್ಗಿ ಒಳಗೆ ನೋಡುತ್ತಿದ್ದರಂತೆ. ಒಮ್ಮೆ ಯಾರದೋ ಉಂಗುರ ಸಿಕ್ಕಿತ್ತು, ಒಮ್ಮೆ ಕಣ್ಣು ಬಿಡದ ಬೆಕ್ಕಿನ ಮರಿಗಳು. ಮಗಳೂ ಎಣಿಕೆ ಮುಗಿದ ತಟ್ಟೆಯನ್ನು ಎಸೆಯುವ ಮೊದಲು ಮತ್ತೊಮ್ಮೆ ನೋಡುತ್ತಾರೆ.

"ಅವತ್ತು ಮಾತ್ರೆ ಹಾಕಿದ್ದ ಮಾಮೂಲಿ ಕೋಶದ ತಟ್ಟೆ ನೋಡಿದೆ. ಉಳಿದಿದ್ದ ನಾಲ್ಕೈದು ಕೋಶ ಸಾಯೋ ಹಾಗೆ ಕಾಣ್ಲಿಲ್ಲ. ಚಪ್ಪಟೆಯಾಗಿ, ಮೈತುಂಬ ಚುಕ್ಕಿ ತುಂಬ್ಕೊಂಡು, ಸುಮ್ಮನೆ ತಳಕ್ಕೆ ಅಂಟ್ಕೊಂಡಿದ್ವು. ಸಾಯೋ ಕೋಶ ತಳ ಬಿಟ್ಟು ತೇಲುತ್ತೆ. ಇವು ಬಿಟ್ಟಿರ್ಲಿಲ್ಲ. ಇವು ಸಾಯ್ತಿಲ್ಲ, ಮಲಗಿವೆ ಅನ್ನಿಸ್ತು. ಎಸೆಯೋಕೆ ಕೈ ಬರ್ಲಿಲ್ಲ."

ಎಸೆಯಲಿಲ್ಲ. ಮಾತ್ರೆ ತೊಳೆದು ತೆಗೆದು, ಹೊಸ ಊಟ ಹಾಕಿ, ತಟ್ಟೆಯನ್ನು ಪೆಟ್ಟಿಗೆಯ ಹಿಂದಿನ ಮೂಲೆಗಿಟ್ಟರು. ಒಂದು ವಾರ ಏನೂ ಇಲ್ಲ, ಎರಡನೆಯ ವಾರವೂ ಇಲ್ಲ. ಜೊತೆಯವರು ಸತ್ತವರಿಗೆ ಬಡಿಸುತ್ತಿದ್ದಾರೆ ಎಂದು ಹಾಸ್ಯ ಮಾಡಿದರು. ತಿಂಗಳಾಗುವಷ್ಟರಲ್ಲಿ ತಟ್ಟೆಯ ತಳದಲ್ಲಿ ಬರಿಗಣ್ಣಿಗೆ ಕಾಣುವ ಬಿಳಿಯ ಗುಂಪುಗಳು ಎದ್ದಿದ್ದವು. ಮಲಗಿದ್ದವು ಎದ್ದು ಸಂಸಾರ ಹೂಡಿದ್ದವು. ಅವಕ್ಕೆ ಆಸ್ಪತ್ರೆಯಲ್ಲಿ ಈಗ ಕೊಡುವ ಹಳೆಯ ಔಷಧಿ ಹಾಕಿ ನೋಡಿದರು. ಜಗ್ಗಲಿಲ್ಲ.

"ಆ ದಿನ ನನಗೆ ಖುಷಿಯಾಗ್ಲಿಲ್ಲ," ಎನ್ನುತ್ತಾರೆ. "ಹೆದರಿಕೆ ಆಯ್ತು. ಅಷ್ಟರಲ್ಲಿ ರೋಗಿಗಳನ್ನ ಆರಿಸೋಕೆ ಶುರು ಮಾಡಿದ್ರು."

ಅವರು ದೊಡ್ಡೋರ ಕೋಣೆಗೆ ತಟ್ಟೆಯನ್ನೇ ತೆಗೆದುಕೊಂಡು ಹೋದರು. ದೊಡ್ಡೋರು ಅದನ್ನು ನೋಡಲಿಲ್ಲ. ಬೇರೆ ಕೋಶ ಬೆರೆತಿರಬೇಕು, ವಯಸ್ಸಾಯ್ತು, ಕೈ ನಡುಗುತ್ತೆ ಎಂದರು. ಬೆರೆತಿಲ್ಲವೆಂದು ಇವರು ತೋರಿಸಿದರು, ಮೂರು ಸಲ ಮೊದಲಿಂದ ಮಾಡಿ ತೋರಿಸಿದರು, ಮೂರೂ ಸಲ ಅದೇ ಬಂತು. ಇಲಿಗಳಲ್ಲಿ ಗಡ್ಡೆ ಕರಗಿತಲ್ಲ ಎಂದರು ದೊಡ್ಡೋರು. ಕರಗಿದ ವಾರವೇ ಇಲಿಗಳನ್ನೂ ಕೊಂದು ಮುಗಿಸಿಬಿಟ್ಟಿರಿ, ಕಾದು ನೋಡಲಿಲ್ಲ ಎಂದರು ಇವರು. ಮರುವಾರ ಇವರ ಪ್ರಯೋಗಾಲಯ ಇನ್ನೊಬ್ಬರ ಪಾಲಾಯಿತು. ಇವರಿಗೆ 'ಹಿರಿಯ ಸಲಹೆಗಾರರು' ಎಂಬ ಪದವಿ ಕೊಟ್ಟು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂರಿಸಿದರು. ಆ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಮುರಿದ ಫ್ರಿಜ್ಜು. ಸಲಹೆ ಕೇಳಲು ಇಲ್ಲಿಯವರೆಗೆ ಯಾರೂ ಬಂದಿಲ್ಲ.

ನಿನ್ನೆ ಸಂಜೆ ನಾನು ಅವರ ಮನೆಗೆ ಹೋಗಿದ್ದೆ. ಎರಡು ಕೋಣೆಯ ಮನೆ, ಮುಂದಿನದರಲ್ಲಿ ಗಂಡನ ಹೊಲಿಗೆ ಯಂತ್ರ ರಿಪೇರಿ ಅಂಗಡಿ. ಗಂಡ ಮಾತು ಕಡಿಮೆ, ಎಣ್ಣೆಯ ಕೈ ಒರೆಸಿಕೊಂಡು ಚಹಾ ತಂದುಕೊಟ್ಟು ಮತ್ತೆ ಯಂತ್ರದೊಳಗೆ ತಲೆ ಹಾಕಿದರು. ಅವರ ಪಾಲಿನ ಮಾತನ್ನೂ ಅತ್ತೆಯೇ ಆಡಿದರು. ಅತ್ತೆಗೆ ಎಂಬತ್ತು ದಾಟಿದೆ, ನಾಲಿಗೆಗೆ ಇನ್ನೂ ಇಪ್ಪತ್ತು.

"ಈ ಮನೇಲಿ ಇರೋದು ಮೂರು ಜನ. ಅಲ್ಲಿ ಬಾಟ್ಲಿಯೊಳಗೆ ಕೋಟಿ ಜನ ಇದಾರಂತೆ. ಕೋಟಿ ಜನಕ್ಕೆ ಊಟ ಹಾಕಿ ಬಂದ ಮೇಲೆ ನಮಗೆ ಹಾಕ್ತಾಳೆ ನಮ್ಮ ಸೊಸೆ. ನಾನೇನೂ ಅನ್ನಲ್ಲಪ್ಪ, ಬಹುಮತ ಅವರದ್ದು."

ನಕ್ಕು ಮುಗಿಸುವಷ್ಟರಲ್ಲಿ ಮುದುಕಿಯ ಮುಖ ಗಂಟಿಕ್ಕಿತು. "ಮೊದಲು ಅಲ್ಲಿಂದ ಬಂದ್ರೆ ಅದೇನೋ ಚುಕ್ಕಿ, ಚೀಲ ಅಂತ ನನ್ನ ತಲೆ ತಿನ್ನೋಳು. ಈಗ ಬಂದು ಸುಮ್ಮನೆ ಕೂತ್ಕೋತಾಳೆ. ನನ್ನ ಸೊಸೆ ಬಾಯಿ ಮುಚ್ಚಿಸಿದೋರ ಬಾಯಿಗೆ ಹುಣ್ಣಾಗ್ಲಿ. ಬರ್ಕೊಳಿ, ನಾನೇ ಅಂದೆ ಅಂತ ಬರ್ಕೊಳಿ."

ಬರೆದುಕೊಂಡಿದ್ದೇನೆ, ಅಜ್ಜಿ.

ಇಷ್ಟೆಲ್ಲ ಆದ ಮೇಲೂ ಸಮಿತಿ ಇವತ್ತು ಕೂರುತ್ತಿದೆಯೆಂದರೆ ಕಾರಣ ಒಬ್ಬ ವೈದ್ಯೆ. ನಲವತ್ತು ರೋಗಿಗಳಿಗೆ ಮಾತ್ರೆ ಕೊಡಬೇಕಾಗಿದ್ದವರು ಅವರೇ. ವಯಸ್ಸು ಚಿಕ್ಕದು. ಕಸದಮ್ಮ ಒಂದು ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ಅವರನ್ನು ಹಿಡಿದು ನಿಲ್ಲಿಸಿ, ಐದು ನಿಮಿಷ ಬಂದು ನೋಡಿ ಹೋಗಮ್ಮ ಎಂದು ಕರೆದರಂತೆ. ವೈದ್ಯೆ ಬಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವರು ತುಂಬ ಹೊತ್ತು ತೆಗೆಯಲಿಲ್ಲ. ಮೊದಲು ಮೂರನೆಯ ದಿನದ ತಟ್ಟೆ, ಆಮೇಲೆ ತಿಂಗಳಾದ ತಟ್ಟೆ.

"ಎರಡರಲ್ಲೂ ಒಂದೇ ಕೋಶ, ಒಂದೇ ಮಾತ್ರೆನಾ?" ಎಂದು ಕೇಳಿದರಂತೆ.

"ಒಂದೇ. ನಡುವೆ ನಾನು ಕಾದಿದ್ದೀನಿ, ಅಷ್ಟೇ ವ್ಯತ್ಯಾಸ."

ವೈದ್ಯೆ ನೇರ ಮೇಲಿನವರ ಬಳಿ ಹೋಗಿ, ಈ ವಿಷಯ ಸಮಿತಿ ಕೇಳುವವರೆಗೂ ಒಂದು ಮಾತ್ರೆಯನ್ನೂ ಮುಟ್ಟುವುದಿಲ್ಲ ಎಂದು ಹೇಳಿದರು. ಇಡೀ ಕಥೆಯಲ್ಲಿ ತನಗಾಗಬಹುದಾದ ತೊಂದರೆ ಲೆಕ್ಕಿಸದೆ ಬಂದು ಕಣ್ಣಿಟ್ಟು ನೋಡಿದವರು ಇವರೊಬ್ಬರೇ. ನೋಡುವುದಕ್ಕೆ ಐದು ನಿಮಿಷ ಸಾಕಿತ್ತು. ಉಳಿದವರಿಗೆ ಆ ಐದು ನಿಮಿಷ ಬಿಡುವಾಗಲಿಲ್ಲ.

ಹನ್ನೊಂದು ಗಂಟೆ. ಸಮಿತಿಯ ಕೋಣೆಗೆ ನನಗೆ ಪ್ರವೇಶವಿಲ್ಲ. ಆಸ್ಪತ್ರೆಯ ಮೊದಲ ಮಹಡಿಯ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದೇನೆ. ಎದುರಿನ ಸಾಲಿನಲ್ಲಿ ರೋಗಿಗಳು, ಅವರ ಮನೆಯವರು. ಯಾರದೋ ಕೈಯಲ್ಲಿ ಎಕ್ಸ್‌ರೇ ಕವರು, ಯಾರದೋ ಮಡಿಲಲ್ಲಿ ನೀರಿನ ಬಾಟಲಿ. ಕಸದಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಎರಡು ತಟ್ಟೆಗಳಿದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋಗುತ್ತಾರೆ. ಬಾಗಿಲು ಮುಚ್ಚುತ್ತದೆ. ಒಳಗಿಂದ ಒಮ್ಮೆ ನಗು ಕೇಳಿಸುತ್ತದೆ. ಆಮೇಲೆ ತುಂಬ ಹೊತ್ತು ನಗು ಕೇಳಿಸುವುದಿಲ್ಲ.

ಮೊದಲು ಹೊರಬಂದವರು ವೈದ್ಯೆ. ನನ್ನ ಪಕ್ಕ ಧೊಪ್ಪೆಂದು ಕೂತು ಹೇಳುತ್ತಾರೆ. "ನಿಂತಿತು. ಮಾತ್ರೆ ಕೊಡಲ್ಲ. ಮೊದಲು ಇಲಿಗಳಲ್ಲಿ ಕಾದು ನೋಡ್ಬೇಕು ಅಂತ ಆಯ್ತು."

ಮೇಡಂ ಏನು ಹೇಳಿದರು ಎಂದು ಕೇಳಿದೆ.

"ಭಾಷಣ ಏನೂ ಮಾಡ್ಲಿಲ್ಲ. ಎರಡು ತಟ್ಟೆ ಎದುರಿಗಿಟ್ರು. ನಿಮ್ಮ ಅಕ್ಕನಿಗೋ ತಮ್ಮನಿಗೋ ಕಾಯಿಲೆ ಬಂದಿದ್ರೆ, ಯಾವ ದಿನದ ತಟ್ಟೆ ನೋಡಿ ಔಷಧಿ ಕೊಡಿಸ್ತೀರಿ ಅಂದ್ರು. ಒಬ್ಬೊಬ್ಬರಾಗಿ ತಿಂಗಳಾದ ತಟ್ಟೆಯನ್ನ ಕೈಗೆ ತಗೊಂಡು ನೋಡಿದ್ರು."

ನನಗೆ ಎದ್ದು ಕೂಗಬೇಕೆನಿಸಿತು. ಅಷ್ಟರಲ್ಲಿ ದೊಡ್ಡೋರು ಹೊರಬಂದರು. ಪತ್ರಿಕೆಯವನೆಂದು ತಿಳಿದು ನನ್ನ ಹೆಗಲ ಮೇಲೆ ಕೈಹಾಕಿ, ಸಂಸ್ಥೆಯ ಹೇಳಿಕೆಯನ್ನು ತಾವೇ ಬಾಯಲ್ಲಿ ಬರೆಸಿದರು: ನಿರ್ದೇಶಕರ ಸಮಯೋಚಿತ ಮುನ್ನೆಚ್ಚರಿಕೆಯಿಂದಾಗಿ, ಹೆಚ್ಚಿನ ಅಧ್ಯಯನಕ್ಕಾಗಿ ಪ್ರಯೋಗವನ್ನು ಮುಂದೂಡಲಾಗಿದೆ. ಕಸದಮ್ಮನ ಹೆಸರೆಲ್ಲಿ ಎಂದೆ. "ವಿಜ್ಞಾನ ಅಂದ್ರೆ ತಂಡದ ಕೆಲಸ ಅಲ್ವಾ?" ಎಂದು ಹಲ್ಲು ಬಿಟ್ಟರು. ಈ ತಂಡವೆಂಬುದು ವಿಚಿತ್ರ ಪ್ರಾಣಿ. ಒಬ್ಬ ಹೆಂಗಸನ್ನು ಮೆಟ್ಟಿಲ ಕೆಳಗೆ ತಳ್ಳುವಾಗ ಎಲ್ಲೂ ಕಾಣುವುದಿಲ್ಲ, ಶಹಬ್ಬಾಸ್‌ಗಿರಿ ಹಂಚುವಾಗ ಮಾತ್ರ ಓಡಿಬರುತ್ತದೆ. ಅವರ ಕೈಯನ್ನು ಹೆಗಲಿನಿಂದ ತೆಗೆದಿಟ್ಟೆ. ಅವರ ಹೇಳಿಕೆಯನ್ನು ಹೀಗಲ್ಲದೆ ಬೇರೆ ರೀತಿಯಲ್ಲಿ ನಾನು ಅಚ್ಚು ಹಾಕಿಸುವುದಿಲ್ಲ.

ಕೊನೆಗೆ ಕಸದಮ್ಮ ಬಂದರು. ಹೆಸರು ಯಾರದಾದರೇನು, ಕೆಲಸ ಆಯಿತಲ್ಲ ಎಂದು ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ ಎಂದು ಪೆನ್ನು ತೆಗೆದಿದ್ದೆ. ಇಂಥ ಲೇಖನಗಳಲ್ಲಿ ಹಾಗೇ ಹೇಳಬೇಕಲ್ಲ.

"ನನ್ನ ಹೆಸರು ಬರ್ಬೇಕಿತ್ತು," ಎಂದರು. "ನಾನೇನು ಸನ್ಯಾಸ ತಗೊಂಡಿದ್ದೀನಾ? ಮೂವತ್ತು ವರ್ಷ ಕಣ್ಣು ಸವೆಸಿದ್ದೀನಿ. ಅಲ್ಲಿ ಕೂತು ನಕ್ಕೋರೆಲ್ಲ ಇವತ್ತು ನಮಗೆ ಮೊದಲೇ ಅನುಮಾನ ಇತ್ತು ಅಂತಾರೆ. ಇತ್ತಂತೆ! ಇದ್ದಿದ್ರೆ ಎಲ್ಲಿ ಬಚ್ಚಿಟ್ಟಿದ್ರು?" ಕನ್ನಡಕ ತೆಗೆದು ಒರೆಸಿಕೊಂಡರು. "ಬರೀರಿ. ನನಗೆ ಸಿಟ್ಟು ಬಂದಿದೆ ಅಂತ ಬರೀರಿ. ಸೌಮ್ಯ ಸ್ವಭಾವ ಗಿಭಾವ ಅಂತ ಬರೆದ್ರೆ ನಿಮ್ಮನ್ನೂ ಬಿಡಲ್ಲ."

ಆಗಲೇ ಎದುರಿನ ಬೆಂಚಿನಿಂದ ಒಬ್ಬರು ದನಿಯೆತ್ತಿದರು. ಐವತ್ತರ ಆಸುಪಾಸು, ಲಿಫ್ಟ್ ರಿಪೇರಿ ಮಾಡುವವರು. ನಲವತ್ತು ಜನರಲ್ಲಿ ಮೊದಲ ಮಾತ್ರೆ ಸಿಗಬೇಕಾಗಿದ್ದುದು ಇವರಿಗೇ. ಹೊಟ್ಟೆಯ ಕ್ಯಾನ್ಸರ್, ಹಳೆಯ ಔಷಧಿ ಇನ್ನೂ ಶುರುವಾಗಿಲ್ಲ. ಮಾತ್ರೆ ಇಲ್ಲವೆಂದು ಈಗತಾನೇ ನರ್ಸ್ ಹೇಳಿದ್ದಾರೆ. ಪಕ್ಕದಲ್ಲಿ ಅವರ ಅಕ್ಕ, ಸುಮ್ಮನಿರೋ ಎಂದು ತೋಳು ಹಿಡಿದು ಎಳೆಯುತ್ತಿದ್ದಾರೆ.

"ಸುಮ್ಮನೆ ಯಾಕಿರ್ಲಿ? ಮಾತ್ರೇಲಿ ವಾಂತಿ ಇಲ್ಲ, ಕೂದಲು ಹೋಗಲ್ಲ, ಕೆಲಸಕ್ಕೂ ಹೋಗ್ಬಹುದು ಅಂದಿದ್ರು. ಯಾವಳೋ ಮೇಡಂ ಬಂದು ತಪ್ಪಿಸಿದಳಂತೆ. ಯಾರವಳು? ಅವಳಿಗೆ ಕಾಯಿಲೆ ಬಂದಿದ್ರೆ ಗೊತ್ತಾಗಿರೋದು!"

ವೈದ್ಯೆ ಏಳಹೊರಟರು. ಕಸದಮ್ಮ ಅವರನ್ನು ಕೈಸನ್ನೆಯಲ್ಲಿ ತಡೆದರು. ಸುಮ್ಮನೆ ಮೆಟ್ಟಿಲಿಳಿದು ಹೋಗಬಹುದಿತ್ತು, ಯಾರೂ ಗುರುತಿಸುತ್ತಿರಲಿಲ್ಲ. ಹೋಗಲಿಲ್ಲ. ನೇರ ಆ ಬೆಂಚಿಗೆ ಹೋಗಿ ಆತನ ಪಕ್ಕ ಕೂತರು.

"ನಾನೇ," ಎಂದರು.

ಆತ ಇನ್ನೂ ಜೋರಾಗಿ ಬೈದರು. ಇವರು ಅಡ್ಡ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡರು. ಆತ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಕೇಳಿದರು, "ಲಿಫ್ಟ್ ಕೆಲಸ ಅಂದ್ರಲ್ಲ. ಲಿಫ್ಟ್ ಅಲ್ಲಾಡ್ತಿಲ್ಲ ಅಂದ್ರೆ ಪೂರ್ತಿ ಸತ್ತಿದೆ ಅಂತ ನಂಬಿ ಕೆಳಗಿನ ಗುಂಡಿಗೆ ಇಳೀತೀರಾ?"

"ಹುಚ್ಚಾ? ಕರೆಂಟು ಹೋಗಿ ನಿಂತಿರ್ಬಹುದು. ಬಂದ್ರೆ ತಲೆ ಮೇಲೇ ಬರುತ್ತೆ. ಮೇನ್ ಕಿತ್ತು, ಬೀಗ ಹಾಕಿ, ಕೀಲಿ ಜೇಬಿಗಿಟ್ಕೊಂಡ ಮೇಲೇ ಇಳಿಯೋದು."

"ಈ ಮಾತ್ರೆ ಮೇನ್ ಕೀಳಲ್ಲ. ಬರೀ ನಿಲ್ಲಿಸುತ್ತೆ. ಸ್ವಲ್ಪ ದಿನ ಎಲ್ಲ ಸರಿಹೋಯ್ತು ಅನ್ಸುತ್ತೆ. ಆಮೇಲೆ ಬರುತ್ತೆ. ಬಂದ್ರೆ ಹಳೆ ಔಷಧಿಗೂ ನಿಲ್ಲಲ್ಲ. ನಾನು ಕಣ್ಣಾರೆ ನೋಡಿದ್ದೀನಿ. ಮನುಷ್ಯರಲ್ಲಿ ಅಲ್ಲ, ಕೋಶಗಳಲ್ಲಿ. ಮನುಷ್ಯರಲ್ಲಿ ನೋಡೋದು ಬೇಡ ಅಂತಲೇ ನಿಲ್ಲಿಸಿದ್ದು."

ಆತ ತನ್ನ ಅಂಗೈ ನೋಡಿಕೊಂಡು ಕೂತರು. ಅಕ್ಕ ಮೆಲ್ಲಗೆ ಕೇಳಿದರು, "ಹಾಗಾದ್ರೆ ಹಳೇದರಲ್ಲಿ ಗುಣ ಆಗುತ್ತಾ ಮ್ಯಾಡಮ್?"

"ಗೊತ್ತಿಲ್ಲಮ್ಮ. ಕಷ್ಟ ಇದೆ. ವಾಂತಿ ಆಗುತ್ತೆ, ಕೂದಲು ಹೋಗುತ್ತೆ. ಆದ್ರೆ ಅದು ಕೊಲ್ಲೋದನ್ನ ಕೊಲ್ಲುತ್ತೆ, ಮಲಗಿಸಲ್ಲ. ಇವರಿಗೆ ಅದು ಹತ್ತುತ್ತೆ ಅನ್ನೋ ಆಸೆ ಇದೆ. ಆ ಆಸೆಯನ್ನ ಹಾಳು ಮಾಡ್ಕೋಬೇಡಿ ಅಂತ ಅಷ್ಟೇ ನಾನು ಹೇಳೋದು."

"ಗ್ಯಾರಂಟಿ ಇಲ್ಲ ಅಂತೀರಿ," ಎಂದರು ಲಿಫ್ಟಿನವರು.

"ಇಲ್ಲ. ಬೈಬೇಕು ಅನ್ನಿಸಿದ್ರೆ ಪಕ್ಕದ ಸಂಶೋಧನಾಲಯದ ಮೆಟ್ಟಿಲ ಕೆಳಗಿನ ಕೋಣೇಲಿರ್ತೀನಿ."

"ಈ ಆಸ್ಪತ್ರೆಗೆ ಬಂದಾಗಿಂದ ಗೊತ್ತಿಲ್ಲ ಅಂದೋರು ನೀವೊಬ್ಬರೇ." ಆತ ಎದ್ದರು. ಸೋಮವಾರದಿಂದ ಹಳೆಯ ಔಷಧಿ ಶುರು, ಬೆಳಿಗ್ಗೆ ಬೇಗ ಬನ್ನಿ ಎಂದರು ವೈದ್ಯೆ. ಆತ ತಲೆಯಾಡಿಸಿ ಎರಡು ಹೆಜ್ಜೆ ಹೋಗಿ, ತಿರುಗಿ ನಿಂತು, ಬೆರಳು ಮಾಡಿ ಗದರಿದರು. "ಕೂದಲು ಹೋಗ್ಲಿ, ಮೇಡಂ, ಆಗ ಬರ್ತೀನಿ. ಆ ಮೆಟ್ಟಿಲ ಕೆಳಗಿನ ಕೋಣೆ ನನಗೂ ಗೊತ್ತು, ಪಕ್ಕದ ಲಿಫ್ಟ್ ರಿಪೇರಿ ಮಾಡಿದ್ದೀನಿ. ಬಾಗಿಲಲ್ಲಿ ನಿಂತು ಬೈತೀನಿ ನಿಮ್ಮನ್ನ."

ಅಕ್ಕ ನಾಚಿಕೆಯಿಂದ ಕೈಮುಗಿದು ತಮ್ಮನನ್ನು ಎಳೆದುಕೊಂಡು ಹೋದರು. ಪಡಸಾಲೆಯ ಕೊನೆಯವರೆಗೂ ಆತನ ಗೊಣಗಾಟ ಕೇಳಿಸುತ್ತಿತ್ತು. ಇಷ್ಟು ಮಾಡಿದ್ದಕ್ಕೆ ಸಿಕ್ಕ ಬಹುಮಾನ ಇದೇನಾ ಎಂದು ಬಾಯಿಬಿಟ್ಟು ಅಂದೇಬಿಟ್ಟೆ. ಕಸದಮ್ಮ ನನ್ನ ಕಡೆ ತಿರುಗಲಿಲ್ಲ. ಆತ ಹೋದ ದಾರಿಯನ್ನೇ ನೋಡುತ್ತಿದ್ದರು.

"ಬೈಲಿ ಬಿಡಿ," ಎಂದರು. "ಈ ವರ್ಷ ಬೈಲಿ. ಮುಂದಿನ ವರ್ಷಾನೂ ಬಂದು, ಇದೇ ಗಂಟಲಲ್ಲಿ ಬೈಲಿ."